ಓಲೆ ರೋಮರ್

ಓಲೆ ಕ್ರಿಸ್ಟೆನ್ಸೆನ್ ರೋಮರ್ (ಜನನ: ಸೆಪ್ಟೆಂಬರ್ 25, 1644 – ಮರಣ: ಸೆಪ್ಟೆಂಬರ್ 19, 1710) ಡೆನ್ಮಾರ್ಕ್ ದೇಶದ ಖಗೋಳವಿಜ್ಞಾನಿ. ಬೆಳಕು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಲು ಕಾಲ ತೆಗೆದುಕೊಳ್ಳುತ್ತದೆ ಎಂಬುದನ್ನು ವೀಕ್ಷಣೆ ಮತ್ತು ಲೆಕ್ಕಾಚಾರಗಳ ಆಧಾರದಿಂದ ಮೊತ್ತಮೊದಲು ತೋರಿಸಿಕೊಟ್ಟವರು ಇವರು. ಗುರುಗ್ರಹದ ಉಪಗ್ರಹವಾದ ಐಯೊದ ಗ್ರಹಣಗಳನ್ನು ಅಧ್ಯಯನ ಮಾಡಿ, 1676ರಲ್ಲಿ ಪ್ಯಾರಿಸ್ ನಗರದಲ್ಲಿ ಇವರು ಈ ಶೋಧನೆಯನ್ನು ಪ್ರಕಟಿಸಿದರು. ಅಳತೆ ಮತ್ತು ತೂಕಗಳ ಸುಧಾರಣೆ, ಉಷ್ಣತಾಮಾಪಕ, ಖಗೋಳ ಉಪಕರಣಗಳ ನಿರ್ಮಾಣ, ಪಂಚಾಂಗ ಸುಧಾರಣೆ ಹಾಗೂ ಕೋಪನ್‌ಹೇಗನ್ ನಗರದ ಆಡಳಿತದಲ್ಲಿಯೂ ಇವರ ಕೊಡುಗೆ ದೊಡ್ಡದು.

ಜನನ ಮತ್ತು ಬಾಲ್ಯ

ರೋಮರ್ ಜನಿಸಿದ್ದು ಜಟ್ಲೆಂಡ್ ಪರ್ಯಾಯ ದ್ವೀಪದ ಬಂದರು ಪಟ್ಟಣವಾದ ಆರ್ಹುಸ್‌ನಲ್ಲಿ. ತಂದೆ ಕ್ರಿಸ್ಟೆನ್ ಪೆಡರ್ಸೆನ್ ವರ್ತಕರು. ಹಡಗಿನ ನಾಯಕರಾಗಿಯೂ ದುಡಿದವರು. ತಾಯಿ ಅನ್ನಾ ಓಲುಫ್ಸ್‌ಡಾಟರ್ ಸ್ಟಾರ್ಮ್. ಅದೇ ಊರಿನಲ್ಲಿ ಕ್ರಿಸ್ಟೆನ್ ಪೆಡರ್ಸೆನ್ ಎಂಬ ಹೆಸರಿನವರು ಬೇರೆಯವರೂ ಇದ್ದುದರಿಂದ, ತಂದೆಯವರು ಗುರುತಿಗಾಗಿ ತಮ್ಮ ಮೂಲಸ್ಥಳವಾದ ರೋಮೊ ದ್ವೀಪದ ಹೆಸರನ್ನು ಸೇರಿಸಿಕೊಂಡು ರೋಮರ್ ಎನಿಸಿಕೊಂಡರು. ಮುಂದೆ ಅದೇ ಮನೆತನದ ಹೆಸರಾಯಿತು.

ಸಮುದ್ರಯಾನ ಮಾಡುವವರಿಗೆ ದಿಕ್ಕು, ದೂರ ಮತ್ತು ಕಾಲ ಇವು ನಿತ್ಯದ ಲೆಕ್ಕಗಳು. ಅಂತಹ ಮನೆಯಲ್ಲಿ ಬೆಳೆದ ಬಾಲಕ ಆರ್ಹುಸ್‌ನ ಕೆಥೆಡ್ರಲ್ ಶಾಲೆಯಲ್ಲಿ ವ್ಯಾಸಂಗ ಮುಗಿಸಿ, 1662ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯವನ್ನು ಸೇರಿದರು.

ಉನ್ನತ ವ್ಯಾಸಂಗ

ವಿಶ್ವವಿದ್ಯಾಲಯದಲ್ಲಿ ರೋಮರ್ ಅವರಿಗೆ ಗುರುಗಳಾಗಿ ದೊರೆತವರು ರಾಸ್ಮುಸ್ ಬಾರ್ತೊಲಿನ್. ಐಸ್‌ಲೆಂಡಿನಿಂದ ತಂದ ಪಾರದರ್ಶಕ ಸ್ಫಟಿಕದ ಮೂಲಕ ನೋಡಿದಾಗ ಒಂದು ವಸ್ತು ಎರಡಾಗಿ ಕಾಣುವುದನ್ನು 1669ರಲ್ಲಿ ವಿವರಿಸಿ ಹೆಸರಾದವರು ಅವರು. ಆ ಸಮಯದಲ್ಲಿ ಬಾರ್ತೊಲಿನ್ ಅವರಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು. 16ನೇ ಶತಮಾನದ ಪ್ರಸಿದ್ಧ ವೀಕ್ಷಕ ಟೈಕೋ ಬ್ರಾಹೆ ಬಿಟ್ಟುಹೋಗಿದ್ದ ಹಸ್ತಪ್ರತಿಗಳನ್ನು ಪರಿಷ್ಕರಿಸಿ ಮುದ್ರಣಕ್ಕೆ ಸಿದ್ಧಪಡಿಸುವ ಕೆಲಸವದು. ಈ ಕಾರ್ಯದಲ್ಲಿ ರೋಮರ್ ಗುರುಗಳಿಗೆ ನೆರವಾದರು. ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಮಾಡಿದ ಆ ನಿಖರ ವೀಕ್ಷಣೆಗಳ ಪಟ್ಟಿಗಳನ್ನು ಸಾಲು ಸಾಲಾಗಿ ಓದಿ ತಿದ್ದುವ ಕೆಲಸ ತರುಣನಿಗೆ ಒಳ್ಳೆಯ ಪಾಠಶಾಲೆಯಾಯಿತು.

ಬೆಳಕಿನ ಚಲನೆಯ ಬಗ್ಗೆ ಅಂದಿನ ತಿಳಿವಳಿಕೆ

ಚಲಿಸುವ ಯಾವುದೇ ವಸ್ತುವಿನ ವೇಗವನ್ನು ತಿಳಿಯಲು ಎರಡು ಅಳತೆಗಳು ಬೇಕು: ಅದು ಕ್ರಮಿಸಿದ ದೂರ ಮತ್ತು ಅದಕ್ಕೆ ಹಿಡಿದ ಕಾಲ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ದೊರೆಯುತ್ತದೆ. ನಡೆಯುವ ಮನುಷ್ಯನಿಗೂ ಓಡುವ ಕುದುರೆಗೂ ಈ ಲೆಕ್ಕ ಸುಲಭ. ಆದರೆ ಬೆಳಕಿನ ವಿಷಯದಲ್ಲಿ ಇದು ಸಾಧ್ಯವಾಗಿರಲಿಲ್ಲ. ದೀಪ ಹಚ್ಚಿದೊಡನೆ ಕೋಣೆಯೆಲ್ಲ ಬೆಳಗುತ್ತದೆ. ನಡುವೆ ಕಾಲ ಕಳೆದಂತೆ ತೋರುವುದೇ ಇಲ್ಲ. ಆದುದರಿಂದ ಬೆಳಕು ಸಾಗುವುದೇ ಇಲ್ಲ, ಅದು ಎಲ್ಲೆಡೆ ಏಕಕಾಲಕ್ಕೆ ಹರಡಿರುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಪ್ರಾಚೀನ ಗ್ರೀಸಿನಲ್ಲಿ ಎಂಪೆಡೊಕ್ಲಿಸ್ ಬೆಳಕು ಸಂಚರಿಸುತ್ತದೆ ಎಂದು ಊಹಿಸಿದ್ದರು. ಅರಿಸ್ಟಾಟಲ್ ಅದನ್ನು ಒಪ್ಪಲಿಲ್ಲ. 17ನೇ ಶತಮಾನದಲ್ಲಿಯೂ ಕೆಪ್ಲರ್ ಮತ್ತು ಡೆಕಾರ್ಟ್ ಬೆಳಕಿಗೆ ಕಾಲ ಬೇಕಿಲ್ಲ ಎಂದೇ ತಿಳಿದಿದ್ದರು.

ಡೆಕಾರ್ಟ್ ತಮ್ಮ ವಾದಕ್ಕೆ ಚಂದ್ರಗ್ರಹಣವನ್ನು ಆಧಾರವಾಗಿ ಕೊಟ್ಟಿದ್ದರು. ಬೆಳಕು ನಿಧಾನವಾಗಿ ಸಾಗುವುದಾದರೆ, ಗ್ರಹಣ ನಮಗೆ ತಡವಾಗಿ ಕಾಣಬೇಕು. ಆಗ ಸೂರ್ಯ ಮತ್ತು ಚಂದ್ರ ಸರಿಯಾಗಿ ಎದುರುಬದುರಾಗಿ ತೋರಬಾರದು. ಅಂತಹ ವ್ಯತ್ಯಾಸ ಕಾಣದಿರುವುದರಿಂದ ಬೆಳಕಿಗೆ ಕಾಲ ಹಿಡಿಯುವುದಿಲ್ಲ ಎಂಬುದು ಅವರ ತೀರ್ಮಾನ. ವಾದದ ಕ್ರಮ ಸರಿಯಾಗಿತ್ತು. ಆದರೆ ಚಂದ್ರನಿರುವ ದೂರ ಈ ಪರೀಕ್ಷೆಗೆ ಸಾಲದು. ಚಂದ್ರನಿಂದ ಭೂಮಿಗೆ ಬರಲು ಬೆಳಕಿಗೆ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪವೇ ಹೆಚ್ಚು ಕಾಲ ಸಾಕು.

ಗೆಲಿಲಿಯೊ 1638ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಪ್ರಯೋಗವನ್ನು ಸೂಚಿಸಿದ್ದರು. ಇಬ್ಬರು ಮುಚ್ಚಿದ ಲಾಂದ್ರಗಳನ್ನು ಹಿಡಿದು ದೂರದೂರ ನಿಲ್ಲಬೇಕು. ಒಬ್ಬನು ಮುಚ್ಚಳ ತೆರೆದ ಬೆಳಕು ಕಂಡ ಕೂಡಲೇ ಇನ್ನೊಬ್ಬನೂ ತೆರೆಯಬೇಕು. ಮೊದಲನೆಯವನು ಎಷ್ಟು ಹೊತ್ತಿಗೆ ಉತ್ತರದ ಬೆಳಕನ್ನು ಕಾಣುತ್ತಾನೆ ಎಂಬುದನ್ನು ಗಮನಿಸಬೇಕು. ಸುಮಾರು ಒಂದು ಮೈಲಿ ದೂರದಲ್ಲಿ ಇದನ್ನು ಮಾಡಿದಾಗ ಯಾವ ವಿಳಂಬವೂ ಗೊತ್ತಾಗಲಿಲ್ಲ. ಒಂದು ಮೈಲಿ ಸಾಗಲು ಬೆಳಕಿಗೆ ಸೆಕೆಂಡಿನ ಲಕ್ಷದಲ್ಲೊಂದು ಭಾಗವೂ ಬೇಕಾಗುವುದಿಲ್ಲ. ಮುಚ್ಚಳ ತೆರೆಯುವ ಕೈಗೆ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಹೊತ್ತು ಬೇಕು. ಹೀಗೆ ಕೊರತೆ ಇದ್ದದ್ದು ವಿಧಾನದಲ್ಲಲ್ಲ, ದೂರದಲ್ಲಿ. ಬೆಳಕಿನ ಓಟವನ್ನು ಅಳೆಯಲು ಭೂಮಿಯ ಮೇಲಿನ ಬೆಟ್ಟಗುಡ್ಡಗಳ ಅಂತರ ಸಾಲದು. ಗ್ರಹಗಳ ನಡುವಣ ಅಂತರವೇ ಬೇಕಾಗಿತ್ತು.

ಗುರುವಿನ ಉಪಗ್ರಹಗಳು ಮತ್ತು ರೇಖಾಂಶದ ಸಮಸ್ಯೆ

ಆ ಅಂತರವನ್ನು ಒದಗಿಸಿದ್ದು ಬೇರೊಂದು ಉದ್ದೇಶಕ್ಕಾಗಿ ನಡೆಯುತ್ತಿದ್ದ ಕೆಲಸ. ಸ್ಥಳಗಳ ರೇಖಾಂಶವನ್ನು ನಿರ್ಣಯಿಸುವುದು ಅಂದಿನ ನಾವಿಕರಿಗೂ ಭೂಪಟ ರಚಿಸುವವರಿಗೂ ದೊಡ್ಡ ಸಮಸ್ಯೆಯಾಗಿತ್ತು. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಎರಡು ಊರುಗಳ ಸ್ಥಳೀಯ ಸಮಯಗಳಲ್ಲಿರುವ ವ್ಯತ್ಯಾಸ ತಿಳಿದರೆ ಅವುಗಳ ರೇಖಾಂಶಗಳ ವ್ಯತ್ಯಾಸವೂ ತಿಳಿಯುತ್ತದೆ. ಆದರೆ ಅಂದು ದೂರದ ಊರಿಗೆ ಕೊಂಡೊಯ್ದರೂ ತಪ್ಪದೆ ನಡೆಯುವ ಗಡಿಯಾರಗಳಿರಲಿಲ್ಲ. ಎರಡೂ ಊರುಗಳಿಂದ ಒಂದೇ ಕ್ಷಣದಲ್ಲಿ ಕಾಣುವ ಆಕಾಶದ ಘಟನೆಯೊಂದು ಬೇಕಾಗಿತ್ತು.

1610ರಲ್ಲಿ ಗೆಲಿಲಿಯೊ ಕಂಡುಹಿಡಿದ ಗುರುವಿನ ನಾಲ್ಕು ಉಪಗ್ರಹಗಳು ಇದಕ್ಕೆ ಅನುಕೂಲವಾಗಿದ್ದವು. ಇವುಗಳಲ್ಲಿ ಗುರುವಿಗೆ ಅತಿ ಸಮೀಪದಲ್ಲಿರುವ ಐಯೊ ಸುಮಾರು 42 ಗಂಟೆ 30 ನಿಮಿಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಪ್ರತಿ ಸುತ್ತಿನಲ್ಲಿಯೂ ಅದು ಗುರುವಿನ ನೆರಳನ್ನು ಹೊಕ್ಕು ಮರೆಯಾಗಿ, ಮತ್ತೆ ಹೊರಬರುತ್ತದೆ. ಇದೇ ಐಯೊದ ಗ್ರಹಣ. ಬೊಲೊನ್ಯಾದಲ್ಲಿದ್ದ ಜಿಯೊವಾನಿ ಡೊಮೆನಿಕೊ ಕ್ಯಾಸಿನಿ 1668ರಲ್ಲಿ ಈ ಉಪಗ್ರಹಗಳ ಚಲನೆಯ ಕೋಷ್ಟಕಗಳನ್ನು ಪ್ರಕಟಿಸಿದರು. ಅದರ ಫಲವಾಗಿ ಫ್ರಾನ್ಸಿನ ದೊರೆ 14ನೇ ಲೂಯಿ ಅವರನ್ನು ಪ್ಯಾರಿಸ್‌ಗೆ ಕರೆಸಿಕೊಂಡರು.

1671ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಜಾನ್ ಪಿಕಾರ್ ಎಂಬ ಖಗೋಳವಿಜ್ಞಾನಿಯನ್ನು ಡೆನ್ಮಾರ್ಕಿಗೆ ಕಳುಹಿಸಿತು. ಹ್ವೆನ್ ದ್ವೀಪದಲ್ಲಿದ್ದ ಟೈಕೋ ಬ್ರಾಹೆಯವರ ವೀಕ್ಷಣಾಲಯ ಉರಾನಿಬೊರ್ಗ್ ಅಷ್ಟರಲ್ಲಿ ಪಾಳುಬಿದ್ದಿತ್ತು. ಆದರೂ ಟೈಕೋ ಅವರ ವೀಕ್ಷಣೆಗಳನ್ನು ಪ್ಯಾರಿಸ್‌ನ ವೀಕ್ಷಣೆಗಳೊಂದಿಗೆ ಹೋಲಿಸಬೇಕಾದರೆ ಆ ಸ್ಥಳದ ರೇಖಾಂಶ ನಿಖರವಾಗಿ ತಿಳಿಯಬೇಕಾಗಿತ್ತು. ಪಿಕಾರ್ ಅವರಿಗೆ ಸಹಾಯಕರಾಗಿ ನಿಂತವರು 27 ವರ್ಷದ ರೋಮರ್. ಹ್ವೆನ್‌ನಲ್ಲಿ ಇವರೂ ಪ್ಯಾರಿಸ್‌ನಲ್ಲಿ ಕ್ಯಾಸಿನಿಯವರೂ ಐಯೊದ ಗ್ರಹಣಗಳ ಸಮಯವನ್ನು ಗುರುತಿಸಿದರು. ಎರಡು ಸ್ಥಳಗಳ ಸಮಯಗಳಲ್ಲಿ 40 ನಿಮಿಷಕ್ಕೂ ಸ್ವಲ್ಪ ಹೆಚ್ಚು ವ್ಯತ್ಯಾಸವಿರುವುದು ಇದರಿಂದ ತಿಳಿಯಿತು. ರೋಮರ್ ಅವರ ಚುರುಕುತನವನ್ನು ಮೆಚ್ಚಿದ ಪಿಕಾರ್, ಹಿಂದಿರುಗುವಾಗ ಅವರನ್ನೂ ತಮ್ಮೊಂದಿಗೆ ಕರೆದೊಯ್ದರು.

ಪ್ಯಾರಿಸ್ ವಾಸ

1672ರಿಂದ 1681ರವರೆಗೆ ರೋಮರ್ ಪ್ಯಾರಿಸ್‌ನಲ್ಲಿದ್ದರು. ಅಕಾಡೆಮಿಯಲ್ಲಿ ಅವರಿಗೆ ಸ್ಥಾನ ದೊರೆಯಿತು. ದೊರೆಯ ಹಿರಿಯ ಮಗನಿಗೆ ಪಾಠ ಹೇಳುವ ಕೆಲಸವೂ ಅವರದಾಯಿತು. ವರ್ಸೇಲ್ಸ್ ಅರಮನೆಯ ಕಾರಂಜಿಗಳ ಕಾಮಗಾರಿಯಲ್ಲಿಯೂ ಅವರು ಭಾಗವಹಿಸಿದರು. ಗ್ರಹಗಳ ಚಲನೆಯನ್ನು ಹಲ್ಲುಚಕ್ರಗಳ ಮೂಲಕ ತೋರಿಸುವ ಯಂತ್ರಗಳನ್ನು ನಿರ್ಮಿಸಿದರು. ಹಲ್ಲುಚಕ್ರಗಳು ತಡೆಯಿಲ್ಲದೆ ಸಮನಾಗಿ ತಿರುಗಬೇಕಾದರೆ ಹಲ್ಲುಗಳ ಆಕಾರ ಹೇಗಿರಬೇಕು ಎಂಬುದರ ಬಗ್ಗೆಯೂ ಚಿಂತಿಸಿದರು. ಇವೆಲ್ಲದರ ಜೊತೆಗೆ ಹೊಸದಾಗಿ ಕಟ್ಟಿದ ಪ್ಯಾರಿಸ್ ವೀಕ್ಷಣಾಲಯದಲ್ಲಿ ಐಯೊದ ಗ್ರಹಣಗಳ ವೀಕ್ಷಣೆ ವರ್ಷಗಟ್ಟಲೆ ಮುಂದುವರಿಯಿತು.

ಗ್ರಹಣಗಳಲ್ಲಿ ಕಂಡ ವ್ಯತ್ಯಾಸ

ವೀಕ್ಷಣೆಗಳು ಹೆಚ್ಚಿದಂತೆ ಒಂದು ವಿಚಿತ್ರ ಸಂಗತಿ ಸ್ಪಷ್ಟವಾಯಿತು. ಐಯೊ ಒಂದೇ ಸಮನಾಗಿ ಸುತ್ತುವುದಾದರೆ ಗ್ರಹಣಗಳೂ ಸಮಾನ ಅಂತರದಲ್ಲಿ ನಡೆಯಬೇಕು. ಆದರೆ ಭೂಮಿಯು ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಗ್ರಹಣಗಳು ಲೆಕ್ಕಕ್ಕಿಂತ ತಡವಾಗುತ್ತ ಹೋಗುತ್ತಿದ್ದವು. ಗುರುವಿನ ಕಡೆಗೆ ಸಾಗುವ ತಿಂಗಳುಗಳಲ್ಲಿ ಬೇಗ ಬೇಗನೆ ಬರುತ್ತಿದ್ದವು. ಗುರುವನ್ನು ಸುತ್ತುವ ಐಯೊಗೆ ಭೂಮಿ ಎಲ್ಲಿದೆ ಎಂಬುದರ ಹಂಗಿಲ್ಲ. ಹಾಗಿದ್ದಮೇಲೆ ಈ ಏರುಪೇರು ಐಯೊದ ಚಲನೆಯಲ್ಲಿರಲು ಸಾಧ್ಯವಿಲ್ಲ. ಸುದ್ದಿಯನ್ನು ಹೊತ್ತು ತರುವ ಬೆಳಕಿನ ಪ್ರಯಾಣದಲ್ಲಿರಬೇಕು ಎಂದು ರೋಮರ್ ತರ್ಕಿಸಿದರು.

ಈ ತರ್ಕವನ್ನು ನಿತ್ಯದ ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ನಿಲ್ದಾಣದಿಂದ ಪ್ರತಿ 30 ನಿಮಿಷಕ್ಕೊಂದು ಬಸ್ಸು ಹೊರಟು ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುತ್ತದೆ ಎಂದುಕೊಳ್ಳೋಣ. ರಸ್ತೆಯ ಬದಿಯಲ್ಲಿ ನಿಂತವನಿಗೆ ಬಸ್ಸುಗಳು 30 ನಿಮಿಷಕ್ಕೊಮ್ಮೆಯೇ ಸಿಗುತ್ತವೆ. ಅದೇ ರಸ್ತೆಯಲ್ಲಿ ಒಬ್ಬನು ಗಂಟೆಗೆ 12 ಕಿ.ಮೀ. ವೇಗದಲ್ಲಿ ಸೈಕಲ್ ತುಳಿಯುತ್ತ ನಿಲ್ದಾಣದಿಂದ ದೂರ ಹೋಗುತ್ತಿದ್ದರೆ, ಹಿಂದಿನಿಂದ ಬರುವ ಬಸ್ಸುಗಳು ಅವನನ್ನು ಮುಟ್ಟುವುದು ಮೂವತ್ತೇಳೂವರೆ ನಿಮಿಷಕ್ಕೊಮ್ಮೆ. ಅವನು ನಿಲ್ದಾಣದ ಕಡೆಗೆ ಬರುತ್ತಿದ್ದರೆ 25 ನಿಮಿಷಕ್ಕೊಮ್ಮೆ ಒಂದು ಬಸ್ಸು ಎದುರಾಗುತ್ತದೆ. ಬಸ್ಸುಗಳು ಹೊರಡುವ ಸಮಯದಲ್ಲಿ ಯಾವ ವ್ಯತ್ಯಾಸವೂ ಆಗಿಲ್ಲ. ಬದಲಾದದ್ದು ಅವು ಕ್ರಮಿಸಬೇಕಾದ ದೂರ ಮಾತ್ರ. ಇಲ್ಲಿ ನಿಲ್ದಾಣವೆಂದರೆ ಗುರು, ಬಸ್ಸು ಎಂದರೆ ಪ್ರತಿ ಗ್ರಹಣದ ಸುದ್ದಿ ತರುವ ಬೆಳಕು, ಸೈಕಲ್ ಸವಾರನೆಂದರೆ ಭೂಮಿ. ಬಸ್ಸುಗಳಿಗೆ ವೇಗದ ಮಿತಿ ಇಲ್ಲದಿದ್ದರೆ, ಸವಾರನು ಎತ್ತ ಸಾಗಿದರೂ 30 ನಿಮಿಷಕ್ಕೊಮ್ಮೆಯೇ ಬಸ್ಸು ಸಿಗುತ್ತಿತ್ತು. ಅಂತರಗಳು ಹೆಚ್ಚುಕಡಿಮೆಯಾಗುತ್ತಿವೆ ಎಂಬುದೇ ಬೆಳಕಿನ ವೇಗಕ್ಕೆ ಮಿತಿಯುಂಟು ಎಂಬುದರ ಸಾಕ್ಷಿ.

ಭೂಮಿ ತನ್ನ ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಐಯೊ ಒಂದು ಸುತ್ತು ಮುಗಿಸುವ ಅವಧಿಯಲ್ಲಿ ಭೂಮಿ ನೇರವಾಗಿ ಗುರುವಿನಿಂದ ದೂರ ಸರಿದರೂ, ಹೆಚ್ಚಾಗುವ ಅಂತರ ಸುಮಾರು 46 ಲಕ್ಷ ಕಿ.ಮೀ. ಇಷ್ಟನ್ನು ದಾಟಲು ಬೆಳಕಿಗೆ ಬೇಕಾಗುವುದು ಸುಮಾರು 15 ಸೆಕೆಂಡು ಮಾತ್ರ. ಅಂದಿನ ದೂರದರ್ಶಕ ಮತ್ತು ಗಡಿಯಾರಗಳಿಂದ ಒಂದು ಗ್ರಹಣದಲ್ಲಿ ಇಷ್ಟು ಸಣ್ಣ ವ್ಯತ್ಯಾಸವನ್ನು ನಿಶ್ಚಯವಾಗಿ ಹೇಳುವುದು ಕಷ್ಟವಾಗಿತ್ತು. ಆದರೆ ಎರಡು ಸುತ್ತುಗಳಲ್ಲಿ ಕಾಣದ ವ್ಯತ್ಯಾಸ ನಲವತ್ತು ಸುತ್ತುಗಳಲ್ಲಿ ಕೂಡಿ ನಿಮಿಷಗಳಾಗುತ್ತದೆ ಎಂಬುದನ್ನು ರೋಮರ್ ಗಮನಿಸಿದರು. ಅವರ ವಿಧಾನದ ಬಲವಿದ್ದುದು ಇಲ್ಲಿಯೇ.

1676ರ ಮುನ್ಸೂಚನೆ

1676ರ ಜುಲೈ ತಿಂಗಳಲ್ಲಿ ಗುರು ಭೂಮಿಗೆ ಸಮೀಪವಾಗಿತ್ತು. ಅನಂತರ ಭೂಮಿ ಅದರಿಂದ ದೂರ ಸರಿಯತೊಡಗಿತು. ಆಗಸ್ಟ್ ತಿಂಗಳಿನ ಗ್ರಹಣಗಳ ಆಧಾರದಿಂದ ಲೆಕ್ಕ ಹಾಕಿದಾಗ, ನವೆಂಬರ್ 9ರ ಸಂಜೆ ಐಯೊ ನೆರಳಿನಿಂದ ಹೊರಬರುವ ಸಮಯ 5 ಗಂಟೆ 25 ನಿಮಿಷ 45 ಸೆಕೆಂಡು ಎಂದು ಬರುತ್ತಿತ್ತು. ಬೆಳಕಿಗೆ ಹೆಚ್ಚಿನ ದೂರ ಕ್ರಮಿಸಬೇಕಾಗಿರುವುದರಿಂದ ಅದು ಸುಮಾರು 10 ನಿಮಿಷ ತಡವಾಗಿ ಕಾಣುವುದು ಎಂಬ ಮುನ್ಸೂಚನೆ ಅಕಾಡೆಮಿಯ ಮುಂದೆ ಬಂದಿತು. ನವೆಂಬರ್ 9ರಂದು ಐಯೊ ಕಾಣಿಸಿಕೊಂಡದ್ದು 5 ಗಂಟೆ 35 ನಿಮಿಷ 45 ಸೆಕೆಂಡಿಗೆ. ನಡೆದುಹೋದ ಘಟನೆಗೆ ವಿವರಣೆ ಕೊಡುವುದಕ್ಕಿಂತ, ನಡೆಯಲಿರುವುದನ್ನು ಮುಂಚಿತವಾಗಿ ಹೇಳಿ ಪರೀಕ್ಷೆಗೆ ಒಡ್ಡಿದ್ದು ಈ ಶೋಧನೆಯ ವಿಶೇಷ.

ಆ ನವೆಂಬರ್ ತಿಂಗಳಲ್ಲಿಯೇ ರೋಮರ್ ತಮ್ಮ ವಿವರಣೆಯನ್ನು ಅಕಾಡೆಮಿಯಲ್ಲಿ ಮಂಡಿಸಿದರು. ಅದರ ಸಾರಾಂಶ ಡಿಸೆಂಬರ್ 7ರಂದು ಪ್ಯಾರಿಸ್‌ನ ವಿದ್ವತ್ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷ ಅದರ ಇಂಗ್ಲಿಷ್ ಅನುವಾದ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕಾಲ ತಿಳಿಯಿತು, ದೂರ ತಿಳಿಯಬೇಕಾಗಿತ್ತು

ರೋಮರ್ ಬೆಳಕಿನ ವೇಗವನ್ನು ಕಂಡುಹಿಡಿದರು ಎಂದು ಹೇಳುವುದು ರೂಢಿ. ಆದರೆ 1676ರ ಪ್ರಕಟಣೆಯಲ್ಲಿ ಸೆಕೆಂಡಿಗೆ ಇಷ್ಟು ಮೈಲಿ ಎಂಬ ಸಂಖ್ಯೆ ಇರಲಿಲ್ಲ. ಅವರು ಕೊಟ್ಟದ್ದು ಕಾಲವನ್ನು: ಭೂಮಿಯ ಕಕ್ಷೆಯ ಒಂದು ಅಂಚಿನಿಂದ ಎದುರಿನ ಅಂಚಿಗೆ, ಅಂದರೆ ಕಕ್ಷೆಯ ಪೂರ್ಣ ವ್ಯಾಸವನ್ನು ದಾಟಲು ಬೆಳಕಿಗೆ 22 ನಿಮಿಷ ಬೇಕು ಎಂಬುದು ಅವರ ಲೆಕ್ಕ. ವೇಗ ಹೇಳಬೇಕಾದರೆ ಆ ವ್ಯಾಸ ಎಷ್ಟು ಎಂಬುದೂ ತಿಳಿದಿರಬೇಕು. ಸೂರ್ಯ ಮತ್ತು ಭೂಮಿಯ ನಡುವಣ ದೂರದ ಬಗ್ಗೆ ಅಂದು ಒಮ್ಮತವಿರಲಿಲ್ಲ. ಸಂಶಯವಿರುವ ದೂರವನ್ನು ಸೇರಿಸದೆ, ತಾವು ಅಳೆದ ಕಾಲವನ್ನಷ್ಟೇ ಅವರು ಮುಂದಿಟ್ಟರು. ಬೆಳಕು ಪ್ರಯಾಣಿಸುತ್ತದೆ ಎಂಬುದನ್ನು ತೋರಿಸಲು ಅಷ್ಟು ಸಾಕಾಗಿತ್ತು.

ಮುಂದಿನ ಹೆಜ್ಜೆ ಇಟ್ಟವರು ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್. ಸೂರ್ಯನ ದೂರದ ಒಂದು ಅಂದಾಜನ್ನು ರೋಮರ್ ಅವರ 22 ನಿಮಿಷಗಳೊಂದಿಗೆ ಸೇರಿಸಿ ಅವರು ಬೆಳಕಿನ ವೇಗವನ್ನು ಲೆಕ್ಕ ಹಾಕಿದರು. 1690ರಲ್ಲಿ ಬೆಳಕನ್ನು ಕುರಿತ ತಮ್ಮ ಗ್ರಂಥದಲ್ಲಿ ಅದನ್ನು ಪ್ರಕಟಿಸಿದರು. ಇಂದಿನ ಮಾನದಲ್ಲಿ ಅದು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಿಜವಾದ ಬೆಲೆ ಸುಮಾರು ಮೂರು ಲಕ್ಷ ಕಿಲೋಮೀಟರು. ಕಕ್ಷೆಯ ವ್ಯಾಸವನ್ನು ದಾಟಲು ಬೆಳಕಿಗೆ ವಾಸ್ತವವಾಗಿ ಬೇಕಾಗುವುದು ಸುಮಾರು 16 ನಿಮಿಷ 40 ಸೆಕೆಂಡು. ಈ ವ್ಯತ್ಯಾಸವಿದ್ದರೂ, ಅಳೆಯಲಾಗದು ಎಂದುಕೊಂಡಿದ್ದ ವೇಗಕ್ಕೆ ಮೊದಲ ಬಾರಿ ಒಂದು ಸಂಖ್ಯೆ ದೊರೆತಂತಾಯಿತು.

ವಿರೋಧ ಮತ್ತು ಸಮ್ಮತಿ

ಈ ಶೋಧನೆಗೆ ಎಲ್ಲರಿಂದಲೂ ಕೂಡಲೇ ಮನ್ನಣೆ ಸಿಗಲಿಲ್ಲ. ಮುಖ್ಯ ವಿರೋಧ ಬಂದದ್ದು ಪ್ಯಾರಿಸ್ ವೀಕ್ಷಣಾಲಯದ ಹಿರಿಯರಾದ ಕ್ಯಾಸಿನಿಯವರಿಂದ. ಬೆಳಕಿಗೆ ಕಾಲ ಬೇಕಾಗಬಹುದು ಎಂಬ ವಿಚಾರವನ್ನು ಮೊದಲು ಅವರೂ ಪರಿಶೀಲಿಸಿದ್ದರು. ಆದರೆ ಬೇಗನೆ ಅದನ್ನು ಕೈಬಿಟ್ಟರು. ವಿಳಂಬಕ್ಕೆ ಬೆಳಕೇ ಕಾರಣವಾಗಿದ್ದರೆ ಗುರುವಿನ ಉಳಿದ ಮೂರು ಉಪಗ್ರಹಗಳ ಗ್ರಹಣಗಳಲ್ಲಿಯೂ ಅಷ್ಟೇ ವ್ಯತ್ಯಾಸ ಕಾಣಬೇಕು, ಅದು ಸ್ಪಷ್ಟವಾಗಿ ಕಾಣುತ್ತಿಲ್ಲ ಎಂಬುದು ಅವರ ಆಕ್ಷೇಪ. ಈ ಪ್ರಶ್ನೆ ಅಸಂಬದ್ಧವಾದುದಲ್ಲ. ಉಪಗ್ರಹಗಳು ಪರಸ್ಪರ ಸೆಳೆತದಿಂದ ಒಂದರ ಚಲನೆಯನ್ನು ಮತ್ತೊಂದು ಏರುಪೇರು ಮಾಡುತ್ತವೆ ಎಂಬುದು ಅಂದು ತಿಳಿದಿರಲಿಲ್ಲ; ಆದುದರಿಂದ ಅವುಗಳ ಲೆಕ್ಕ ಕೂಡಿಬರುತ್ತಿರಲಿಲ್ಲ. ತಮಗಿಂತ ಹಿರಿಯರೂ ಆ ವಿಷಯದಲ್ಲಿ ಯೂರೋಪಿನಲ್ಲೇ ಪ್ರಮಾಣಭೂತರೆನಿಸಿದವರೂ ಒಪ್ಪದಿದ್ದರೂ, ರೋಮರ್ ತಮ್ಮ ತೀರ್ಮಾನವನ್ನು ಬದಲಿಸಲಿಲ್ಲ.

1679ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ನ್ಯೂಟನ್, ಹ್ಯಾಲಿ ಮತ್ತು ಫ್ಲ್ಯಾಮ್‌ಸ್ಟೀಡ್ ಅವರನ್ನು ಭೇಟಿಯಾದರು. ಹೈಗೆನ್ಸ್ ಮತ್ತು ನ್ಯೂಟನ್ ರೋಮರ್ ಅವರ ವಾದವನ್ನು ಒಪ್ಪಿದರು. ಸಂಶಯಕ್ಕೆ ಎಡೆಯಿಲ್ಲದ ಸಮರ್ಥನೆ ದೊರೆತದ್ದು ರೋಮರ್ ನಿಧನರಾದ ಮೇಲೆ. ಇಂಗ್ಲೆಂಡಿನ ಜೇಮ್ಸ್ ಬ್ರ್ಯಾಡ್ಲಿ ನಕ್ಷತ್ರಗಳ ಸ್ಥಾನದಲ್ಲಿ ವರ್ಷವಿಡೀ ಕಾಣುವ ಒಂದು ಸಣ್ಣ ಪಲ್ಲಟವನ್ನು ಗಮನಿಸಿ, ಅದಕ್ಕೆ ಭೂಮಿಯ ಚಲನೆ ಮತ್ತು ಬೆಳಕಿನ ಮಿತವೇಗ ಇವೆರಡೂ ಕಾರಣವೆಂದು 1728ರ ಸುಮಾರಿಗೆ ವಿವರಿಸಿದರು. ಸೂರ್ಯನಿಂದ ಭೂಮಿಗೆ ಬರಲು ಬೆಳಕಿಗೆ 8 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ ಎಂದು ಅವರ ಲೆಕ್ಕದಿಂದ ತಿಳಿಯಿತು. ಇದು ಇಂದಿನ ಬೆಲೆಗೆ ಬಹಳ ಹತ್ತಿರವಾಗಿದೆ. ಗುರುವಿನ ಉಪಗ್ರಹಗಳಿಗೆ ಸಂಬಂಧವೇ ಇಲ್ಲದ ಇನ್ನೊಂದು ಮಾರ್ಗದಿಂದಲೂ ಅದೇ ತೀರ್ಮಾನ ಬಂದುದರಿಂದ ವಾದ ಮುಗಿಯಿತು.

ಸ್ವದೇಶಕ್ಕೆ ಮರಳಿದ್ದು

1681ರಲ್ಲಿ ರೋಮರ್ ಡೆನ್ಮಾರ್ಕಿಗೆ ಹಿಂದಿರುಗಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕರಾದರು. ಅದೇ ವರ್ಷ ಗುರುಗಳಾದ ಬಾರ್ತೊಲಿನ್ ಅವರ ಮಗಳು ಆನ್ ಮಾರೀ ಅವರನ್ನು ವಿವಾಹವಾದರು. ಆಕೆ 1694ರಲ್ಲಿ ತೀರಿಕೊಂಡರು. 1698ರಲ್ಲಿ ರೋಮರ್ ಬಾರ್ತೊಲಿನ್ ಮನೆತನಕ್ಕೇ ಸೇರಿದ ಎಲ್ಸ ಮ್ಯಾಗ್ಡಲೀನ್ ಅವರನ್ನು ಮದುವೆಯಾದರು.

ಅಳತೆ, ತೂಕ ಮತ್ತು ಪಂಚಾಂಗ

ಡೆನ್ಮಾರ್ಕಿನಲ್ಲಿ ಅಂದು ಊರಿಗೊಂದು ಅಳತೆ, ಪೇಟೆಗೊಂದು ತೂಕ ಎಂಬಂತಿತ್ತು. ರಾಜನ ಗಣಿತಜ್ಞರಾಗಿದ್ದ ರೋಮರ್ ರೂಪಿಸಿದ ಏಕರೂಪದ ಪದ್ಧತಿ 1683ರ ಮೇ 1ರಂದು ಜಾರಿಗೆ ಬಂದಿತು. ತೂಕವನ್ನು ಅವರು ಉದ್ದದ ಅಳತೆಗೆ ಜೋಡಿಸಿದರು: ಒಂದು ಘನ ಅಡಿ ನೀರಿನ ತೂಕದ 62ರಲ್ಲೊಂದು ಭಾಗ ಒಂದು ಪೌಂಡು ಎಂದು ನಿಗದಿಯಾಯಿತು. ಹೀಗೆ ಮಾಡಿದುದರಿಂದ ಒಂದು ಅಳತೆ ಕೆಟ್ಟರೂ ಇನ್ನೊಂದರಿಂದ ಅದನ್ನು ಮತ್ತೆ ಪಡೆಯಲು ಸಾಧ್ಯವಾಯಿತು. ಡೇನಿಷ್ ಮೈಲಿಯ ಉದ್ದ 24,000 ಅಡಿ ಎಂದು ಗೊತ್ತುಮಾಡಲಾಯಿತು. ಇದು ಸುಮಾರು ಏಳೂವರೆ ಕಿಲೋಮೀಟರಿಗೆ ಸಮ. ಮುಂದೆ ಅವರ ಮೇಲ್ವಿಚಾರಣೆಯಲ್ಲಿ ರಾಜ್ಯದ ಮುಖ್ಯ ರಸ್ತೆಗಳನ್ನು ಅಳೆದು ಮೈಲಿಗಲ್ಲುಗಳನ್ನು ನೆಡಲಾಯಿತು. ದಾರಿಹೋಕರಿಗೂ ಅಂಚೆ ಗಾಡಿಗಳಿಗೂ ಎಷ್ಟು ದೂರ ಬಂದೆವು, ಇನ್ನೆಷ್ಟು ಹೊತ್ತು ಬೇಕು ಎಂಬುದನ್ನು ಲೆಕ್ಕ ಹಾಕುವುದು ಇದರಿಂದ ಸುಲಭವಾಯಿತು.

ಡೆನ್ಮಾರ್ಕ್ ಮತ್ತು ನಾರ್ವೆಗಳಲ್ಲಿ ಹಳೆಯ ಜೂಲಿಯನ್ ಪಂಚಾಂಗವನ್ನು ಬಿಟ್ಟು ಹೊಸ ಪಂಚಾಂಗವನ್ನು ಅನುಸರಿಸುವಂತೆ ಮಾಡಿದವರೂ ರೋಮರ್. 1700ರಲ್ಲಿ ಫೆಬ್ರವರಿ 18ರ ಮರುದಿನವನ್ನು ಮಾರ್ಚ್ 1 ಎಂದು ಎಣಿಸಲಾಯಿತು.

ಉಷ್ಣತಾಮಾಪಕ

ಸ್ಥಿರವಾದ ಎರಡು ಬಿಂದುಗಳನ್ನು ಆಧರಿಸಿದ ಉಷ್ಣತಾಮಾಪಕಗಳನ್ನು ಮೊದಲು ತಯಾರಿಸಿದವರಲ್ಲಿ ರೋಮರ್ ಒಬ್ಬರು. ಅವರ ಮಾನದಲ್ಲಿ ನೀರು ಕುದಿಯುವುದು 60 ಡಿಗ್ರಿಯಲ್ಲಿ. ಮಂಜುಗಡ್ಡೆ ಕರಗುವುದು ಏಳೂವರೆ ಡಿಗ್ರಿಯಲ್ಲಿ. 1708ರಲ್ಲಿ ಡೇನಿಯಲ್ ಫ್ಯಾರನ್‌ಹೀಟ್ ಕೋಪನ್‌ಹೇಗನ್‌ಗೆ ಬಂದು ರೋಮರ್ ಅವರ ಕೆಲಸವನ್ನು ನೋಡಿದರು. ಇಂದು ಫ್ಯಾರನ್‌ಹೀಟ್ ಹೆಸರಿನಲ್ಲಿರುವ ಮಾನಕ್ಕೆ ಅದೇ ಆರಂಭವಾಯಿತು.

ಖಗೋಳ ಉಪಕರಣಗಳು

ಕೋಪನ್‌ಹೇಗನ್‌ನ ದುಂಡುಗೋಪುರದ ಮೇಲಿದ್ದ ವಿಶ್ವವಿದ್ಯಾಲಯದ ವೀಕ್ಷಣಾಲಯ ರೋಮರ್ ಅವರ ಹೊಣೆಯಲ್ಲಿತ್ತು. ಸುಮಾರು 1690ರಲ್ಲಿ ಅವರು ತಮ್ಮ ಮನೆಯಲ್ಲಿಯೇ ಒಂದು ಹೊಸ ಬಗೆಯ ದೂರದರ್ಶಕವನ್ನು ಸ್ಥಾಪಿಸಿದರು. ಅದು ಉತ್ತರ-ದಕ್ಷಿಣ ರೇಖೆಯಲ್ಲಿ ಮಾತ್ರ ಮೇಲೆ ಕೆಳಗೆ ತಿರುಗುತ್ತಿತ್ತು. ನಕ್ಷತ್ರವೊಂದು ಆ ರೇಖೆಯನ್ನು ದಾಟುವ ಕ್ಷಣವನ್ನು ಗಡಿಯಾರದಲ್ಲಿ ಗುರುತಿಸಿದರೆ ಆಕಾಶದಲ್ಲಿ ಅದರ ಸ್ಥಾನ ತಿಳಿಯುತ್ತಿತ್ತು. ಇಲ್ಲಿಯೂ ಅವರು ಸ್ಥಾನವನ್ನು ಅಳೆದದ್ದು ಕಾಲದ ಮೂಲಕವೇ. 1704ರಲ್ಲಿ ನಗರದ ಹೊರಗಿನ ವ್ರಿಡ್ಸ್‌ಲೋಸೆಮಾಗ್ಲೆ ಎಂಬ ಹಳ್ಳಿಯಲ್ಲಿ ತಮ್ಮದೇ ವೀಕ್ಷಣಾಲಯವನ್ನು ಕಟ್ಟಿ, ಅಲ್ಲಿ ಇದರ ಸುಧಾರಿತ ರೂಪವನ್ನು ನಿಲ್ಲಿಸಿದರು. ನಂತರದ ಕಾಲದಲ್ಲಿ ಎಲ್ಲ ದೊಡ್ಡ ವೀಕ್ಷಣಾಲಯಗಳೂ ಈ ಮಾದರಿಯ ಉಪಕರಣಗಳನ್ನು ಬಳಸಿದವು.

ನಗರಾಡಳಿತ

1705ರಲ್ಲಿ ರೋಮರ್ ಕೋಪನ್‌ಹೇಗನ್‌ನ ಪೊಲೀಸ್ ಮುಖ್ಯಸ್ಥರಾಗಿ ನೇಮಕಗೊಂಡರು. ಪೊಲೀಸ್ ಪಡೆಯ ಸ್ಥಿತಿ ತೀರ ಹದಗೆಟ್ಟಿದ್ದುದರಿಂದ ಇಡೀ ಪಡೆಯನ್ನೇ ವಜಾ ಮಾಡಿ ಹೊಸಬರನ್ನು ತೆಗೆದುಕೊಂಡರು. ಬೀದಿಗಳಲ್ಲಿ ಎಣ್ಣೆಯ ದೀಪಗಳನ್ನು ಹಾಕಿಸಿದರು. ನೀರು ಸರಬರಾಜು, ಚರಂಡಿ, ರಸ್ತೆ ಮತ್ತು ಅಗ್ನಿಶಾಮಕ ವ್ಯವಸ್ಥೆಗಳ ಸುಧಾರಣೆಗೆ ಶ್ರಮಿಸಿದರು. ಬೆಳಕಿನ ಪ್ರಯಾಣವನ್ನು ಲೆಕ್ಕ ಹಾಕಿದವರೇ ರಾಜಧಾನಿಯ ಕತ್ತಲ ಬೀದಿಗಳಿಗೆ ದೀಪ ಒದಗಿಸಿದರು.

ಮರಣ ಮತ್ತು ಕೃತಿಗಳ ನಾಶ

ರೋಮರ್ 1710ರ ಸೆಪ್ಟೆಂಬರ್ 19ರಂದು ಕೋಪನ್‌ಹೇಗನ್‌ನಲ್ಲಿ ನಿಧನರಾದರು. ಅವರ ದೇಹವನ್ನು ನಗರದ ಪ್ರಧಾನ ಚರ್ಚಿನಲ್ಲಿ ಸಮಾಧಿ ಮಾಡಲಾಯಿತು. ಬದುಕಿದ್ದಾಗ ಅವರು ಪ್ರಕಟಿಸಿದ್ದು ಬಹಳ ಸ್ವಲ್ಪ. ಹಲವು ದಶಕಗಳ ವೀಕ್ಷಣೆಗಳ ದಾಖಲೆಗಳು ದುಂಡುಗೋಪುರದಲ್ಲಿ ಇದ್ದವು. 1728ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಬಿದ್ದ ಭಾರಿ ಬೆಂಕಿಯಲ್ಲಿ ಅವುಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ಬೆಳಕಿನ ವೇಗದ ಬಗ್ಗೆ ಬ್ರ್ಯಾಡ್ಲಿ ಅವರ ಸಮರ್ಥನೆ ಸಿದ್ಧವಾಗುತ್ತಿದ್ದುದೂ ಅದೇ ಸುಮಾರಿನಲ್ಲಿ.

ಉಳಿದುಬಂದವುಗಳಲ್ಲಿ ಮುಖ್ಯವಾದುದು 1706ರ ಅಕ್ಟೋಬರ್ ತಿಂಗಳಲ್ಲಿ ಮೂರು ದಿನಗಳ ಕಾಲ ಮಾಡಿದ ನಕ್ಷತ್ರ ವೀಕ್ಷಣೆಗಳ ದಾಖಲೆ. ರೋಮರ್ ಅವರ ಸಹಾಯಕರಾಗಿದ್ದ ಪೆಡರ್ ಹೊರೆಬೌ ಇದನ್ನು 1735ರ ತಮ್ಮ ಗ್ರಂಥದಲ್ಲಿ ಸೇರಿಸಿ, ಗುರುಗಳ ಉಪಕರಣಗಳ ವಿವರಗಳನ್ನೂ ಕೊಟ್ಟರು. ಅರ್ಧ ಶತಮಾನದ ಬಳಿಕ ಜರ್ಮನಿಯ ಟೋಬಿಯಾಸ್ ಮೇಯರ್ ಈ ಸ್ಥಾನಗಳನ್ನು ತಮ್ಮ ವೀಕ್ಷಣೆಗಳೊಂದಿಗೆ ಹೋಲಿಸಿ, ಸ್ಥಿರವೆಂದು ಕರೆಯಲಾಗುವ ನಕ್ಷತ್ರಗಳೂ ನಿಧಾನವಾಗಿ ಚಲಿಸುತ್ತವೆ ಎಂಬುದನ್ನು ಪರೀಕ್ಷಿಸಿದರು. ಬೆಂಕಿಯಿಂದ ಉಳಿದ ಮೂರು ದಿನಗಳ ದಾಖಲೆಯೇ ಇಷ್ಟು ಉಪಯುಕ್ತವಾಯಿತು. ರೋಮರ್ ಅವರ ಕೈಬರಹದ ದಾಖಲೆಯೊಂದು 1913ರಲ್ಲಿ ಮತ್ತೆ ಬೆಳಕಿಗೆ ಬಂದಿತು.

ಮಹತ್ವ

1849ರಲ್ಲಿ ಫ್ರಾನ್ಸಿನ ಫಿಜೋ ತಿರುಗುವ ಹಲ್ಲುಚಕ್ರ ಮತ್ತು ಕನ್ನಡಿಯ ಸಹಾಯದಿಂದ ಭೂಮಿಯ ಮೇಲೆಯೇ ಬೆಳಕಿನ ವೇಗವನ್ನು ಅಳೆದರು. ಅವರು ಬಳಸಿದ ದೂರ ಎಂಟೂವರೆ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಗೆಲಿಲಿಯೊ ಅವರ ಲಾಂದ್ರಗಳಿಂದ ಆಗದಿದ್ದುದು ಎರಡು ಶತಮಾನಗಳ ಅನಂತರ ಹೀಗೆ ಕೈಗೂಡಿತು. ಇಂದು ಬೆಳಕಿನ ವೇಗವನ್ನು ಸೆಕೆಂಡಿಗೆ 29,97,92,458 ಮೀಟರ್ ಎಂದು ಖಚಿತವಾಗಿ ನಿಗದಿಪಡಿಸಲಾಗಿದೆ. 1983ರಿಂದ ಮೀಟರಿನ ವ್ಯಾಖ್ಯೆಯೇ ಬೆಳಕಿನ ಮೇಲೆ ನಿಂತಿದೆ: ಸೆಕೆಂಡಿನ ಈ ಸಂಖ್ಯೆಯಲ್ಲೊಂದು ಭಾಗದಲ್ಲಿ ಬೆಳಕು ನಿರ್ವಾತದಲ್ಲಿ ಕ್ರಮಿಸುವ ದೂರವೇ ಒಂದು ಮೀಟರ್. ದೂರ ತಿಳಿಯದ ಕಾರಣ ರೋಮರ್ ಕಾಲವನ್ನು ಮಾತ್ರ ಹೇಳಿದ್ದರು. ಈಗ ದೂರವನ್ನೇ ಬೆಳಕಿನ ಪ್ರಯಾಣಕಾಲದಿಂದ ಅಳೆಯಲಾಗುತ್ತದೆ. ದೂರದ ಬಾಹ್ಯಾಕಾಶ ನೌಕೆಗಳೊಂದಿಗೆ ಸಂಪರ್ಕ ನಡೆಸುವಾಗ ಸಂಕೇತಗಳ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ, ಉಪಗ್ರಹಗಳ ನೆರವಿನಿಂದ ಮೊಬೈಲ್ ಫೋನುಗಳು ಸ್ಥಳವನ್ನು ಗುರುತಿಸುವುದೂ ಇದೇ ತತ್ತ್ವದ ಮೇಲೆ.

ಚಂದ್ರನ ಮೇಲಿನ ಒಂದು ಕುಳಿಗೆ ರೋಮರ್ ಅವರ ಹೆಸರನ್ನಿಡಲಾಗಿದೆ. ಅವರ ಹುಟ್ಟೂರಾದ ಆರ್ಹುಸ್‌ನಲ್ಲಿ ಅವರ ಹೆಸರಿನ ವೀಕ್ಷಣಾಲಯವಿದೆ. ವ್ರಿಡ್ಸ್‌ಲೋಸೆಮಾಗ್ಲೆಯ ಸಮೀಪದಲ್ಲಿರುವ ಕ್ರೊಪ್ಪೆಡಾಲ್ ವಸ್ತುಸಂಗ್ರಹಾಲಯವು ಅವರ ಜೀವನ ಮತ್ತು ಸಾಧನೆಗಳನ್ನು ಪರಿಚಯಿಸುತ್ತದೆ.